ಅಗ್ರಶ್ರೇಣಿಯ ಹೋಂ ಥಿಯೇಟರ್ ರಿಸೀವರ್: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಸಣ್ಣ ಎಂಜಿನಿಯರಿಂಗ್ ಘಟಕವೊಂದರ ಮಾಲೀಕರಾದ ನನ್ನ ಕಕ್ಷಿದಾರರೊಬ್ಬರು ವರ್ಷಾಂತ್ಯದ ಲೆಕ್ಕಪತ್ರಗಳೊಡನೆ ದರಪಟ್ಟಿಯೊಂದನ್ನೂ ತಂದು ನನ್ನ ಮೇಜಿನ ಮೇಲಿಟ್ಟರು. ಅದು ಹೋಂ ಥಿಯೇಟರ್ ರಿಸೀವರ್‌ನ ದರಪಟ್ಟಿ. ಕಂಪನಿಯ ಅತ್ಯುನ್ನತ ಮಾದರಿ. "ಸಾರ್, ಇದನ್ನು ಕಾರ್ಖಾನೆಯ ಲೆಕ್ಕಕ್ಕೆ ಹಾಕಬಹುದಲ್ಲವೇ?" ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು. ಇವರು ಒಂದು ಲೇತ್ ಯಂತ್ರ ಕೊಳ್ಳಬೇಕಾದರೆ ಮೂರು ದರಪಟ್ಟಿ ತರಿಸಿ, ಅದು ದಿನಕ್ಕೆ ಎಷ್ಟು ಗಂಟೆ ದುಡಿಯುವುದೆಂದು ಲೆಕ್ಕ ಹಾಕುವವರು. ಮನೆಗೆ ಬರುವ ಯಂತ್ರಕ್ಕೆ ಮಾತ್ರ ಆ ಶಿಸ್ತು ಅನ್ವಯವಾಗಿರಲಿಲ್ಲ. ನಮ್ಮ ಸದಸ್ಯರಲ್ಲಿ ಅನೇಕರು ಮನೆಯ ಒಂದು ಕೋಣೆಯನ್ನು ಚಿತ್ರವೀಕ್ಷಣೆಗೆ ಸಜ್ಜುಗೊಳಿಸುತ್ತಿರುವ ಈ ಕಾಲದಲ್ಲಿ, ಆ ಶಿಸ್ತನ್ನು ಇಲ್ಲಿಯೂ ಅನ್ವಯಿಸುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಯಂತ್ರದ ಸ್ವರೂಪ

ರಿಸೀವರ್ ಎಂಬುದು ಹೊರನೋಟಕ್ಕೆ ಒಂದೇ ಪೆಟ್ಟಿಗೆಯಾದರೂ ಅದರೊಳಗೆ ಎರಡು ಭಿನ್ನ ಆಯುಷ್ಯದ ಭಾಗಗಳಿವೆ. ಮೊದಲನೆಯದು ಸ್ಪೀಕರುಗಳಿಗೆ ವಿದ್ಯುತ್ ಶಕ್ತಿ ನೀಡುವ ಆಂಪ್ಲಿಫೈಯರ್. ಗಾಳಿಯಾಡುವಂತಿಟ್ಟು ಸರಿಯಾದ ವೋಲ್ಟೇಜ್ ಒದಗಿಸಿದರೆ ಇದು ಹದಿನೈದು ಇಪ್ಪತ್ತು ವರ್ಷ ದುಡಿಯಬಲ್ಲದು. ಎರಡನೆಯದು ಚಿತ್ರ ಹಾಗೂ ಧ್ವನಿಯ ಸಂಕೇತಗಳನ್ನು ಬಿಡಿಸುವ ಡಿಜಿಟಲ್ ಭಾಗ. ಇದು ಕೆಡುವುದಕ್ಕಿಂತ ಮೊದಲೇ ಹಳತಾಗುತ್ತದೆ.

ಎಚ್‌ಡಿಎಂಐ ಜೋಡಣೆಯ ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಅನಂತರ 2009ರಲ್ಲಿ 1.4, 2013ರಲ್ಲಿ 2.0, 2017ರಲ್ಲಿ 2.1, 2025ರಲ್ಲಿ 2.2 ಆವೃತ್ತಿಗಳು ಪ್ರಕಟವಾದವು. ಡಾಲ್ಬಿ ಅಟ್ಮಾಸ್ ಚಿತ್ರಮಂದಿರಗಳಿಗೆ 2012ರಲ್ಲಿ ಬಂದು, 2014ರಲ್ಲಿ ಮನೆಯ ರಿಸೀವರ್‌ಗಳನ್ನು ಪ್ರವೇಶಿಸಿತು. ಹೀಗೆ ನಾಲ್ಕೈದು ವರ್ಷಕ್ಕೊಮ್ಮೆ ಏನಾದರೊಂದು ಬದಲಾಗುತ್ತದೆ. ಬದಲಾವಣೆಯು ಅಗ್ರಶ್ರೇಣಿಯ ಮಾದರಿ, ಮಧ್ಯಮ ಶ್ರೇಣಿಯ ಮಾದರಿ ಎಂಬ ಭೇದವೆಣಿಸುವುದಿಲ್ಲ.

ಡೆನನ್ ಸಂಸ್ಥೆಯ ಅಗ್ರಶ್ರೇಣಿಯ ಎವಿಆರ್-ಎಕ್ಸ್7200ಡಬ್ಲ್ಯೂ ಮಾದರಿಯು ಮಾರುಕಟ್ಟೆಗೆ ಬಂದಾಗ ಅದರಲ್ಲಿ 4ಕೆ ಚಿತ್ರಗಳ ನಕಲು ತಡೆಗೆ ಅಗತ್ಯವಾದ ಎಚ್‌ಡಿಸಿಪಿ 2.2 ಸೌಲಭ್ಯವಿರಲಿಲ್ಲ; ಕೊಂಡವರಿಗೆ ಫಲಕ ಬದಲಾವಣೆಯ ಅವಕಾಶವನ್ನು ಆಮೇಲೆ ನೀಡಲಾಯಿತು. 2018ರ ಎವಿಆರ್-ಎಕ್ಸ್8500ಎಚ್ ಮಾದರಿಗೂ ಎಚ್‌ಡಿಎಂಐ 2.1 ಫಲಕವನ್ನು 2021ರಲ್ಲಿ ಪ್ರತ್ಯೇಕ ಶುಲ್ಕಕ್ಕೆ ಒದಗಿಸಲಾಯಿತು. ಇಂತಹ ಸೌಕರ್ಯ ದೊರೆಯುವುದು ಅಗ್ರಶ್ರೇಣಿಯ ಒಂದು ಅನುಕೂಲವೇ ಸರಿ. ಆದರೆ ಅದು ಹಕ್ಕಲ್ಲ, ತಯಾರಕರ ಇಚ್ಛೆ.

ಹೊಚ್ಚ ಹೊಸದನ್ನು ಮೊದಲು ಕೊಳ್ಳುವುದರಲ್ಲಿಯೂ ಅಪಾಯವಿದೆ. 2020ರಲ್ಲಿ ಬಂದ ಎಚ್‌ಡಿಎಂಐ 2.1ರ ಮೊದಲ ತಲೆಮಾರಿನ ಹಲವು ರಿಸೀವರ್‌ಗಳು, ಒಂದು ಚಿಪ್‌ನ ದೋಷದಿಂದಾಗಿ, ಕೆಲವು ಆಟದ ಯಂತ್ರಗಳ 4ಕೆ 120 ಹರ್ಟ್ಸ್ ಚಿತ್ರವನ್ನು ಸರಿಯಾಗಿ ರವಾನಿಸಲಿಲ್ಲ. ತಯಾರಕರ ಸ್ಥಿರತೆಯೂ ಗಮನಾರ್ಹ. ಜಪಾನಿನ ಓಂಕ್ಯೋ ಹೋಂ ಎಂಟರ್‌ಟೈನ್‌ಮೆಂಟ್ ಕಂಪನಿ 2022ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಹೆಸರು ಬೇರೆಯವರ ಕೈಯಲ್ಲಿ ಮುಂದುವರಿಯಿತು. ಹತ್ತು ವರ್ಷ ಬಾಳಬೇಕಾದ ವಸ್ತುವಿಗೆ ಬಿಡಿಭಾಗ ಹಾಗೂ ದುರಸ್ತಿಯ ಭರವಸೆ ಬೆಲೆಯಷ್ಟೇ ಮುಖ್ಯ.

ಬೆಲೆ ಬೇರೆ, ವೆಚ್ಚ ಬೇರೆ

ಉದಾಹರಣೆಗಾಗಿ ಎರಡು ಮಾದರಿಗಳನ್ನು ಭಾವಿಸೋಣ. ಅಗ್ರಶ್ರೇಣಿಯದರ ಬೆಲೆ ರೂ. 5,00,000; ಶೇ. 18ರ ಜಿಎಸ್‌ಟಿ ಸೇರಿ ರೂ. 5,90,000. ಮಧ್ಯಮ ಶ್ರೇಣಿಯದು ರೂ. 1,50,000, ಜಿಎಸ್‌ಟಿ ಸೇರಿ ರೂ. 1,77,000. ಏಳು ವರ್ಷಗಳ ನಂತರ ಮೊದಲನೆಯದು ರೂ. 1,00,000ಕ್ಕೂ ಎರಡನೆಯದು ರೂ. 30,000ಕ್ಕೂ ಮಾರಾಟವಾಗುವುದೆಂದು ಇಟ್ಟುಕೊಳ್ಳೋಣ.

1. ಅಗ್ರಶ್ರೇಣಿ: ನಿವ್ವಳ ವೆಚ್ಚ ರೂ. 4,90,000, ವರ್ಷಕ್ಕೆ ರೂ. 70,000.
2. ಮಧ್ಯಮ ಶ್ರೇಣಿ: ನಿವ್ವಳ ವೆಚ್ಚ ರೂ. 1,47,000, ವರ್ಷಕ್ಕೆ ರೂ. 21,000.

ವಾರಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ 208 ಗಂಟೆ ಬಳಸಿದರೆ, ಗಂಟೆಯೊಂದಕ್ಕೆ ಮೊದಲನೆಯದಕ್ಕೆ ಸುಮಾರು ರೂ. 337, ಎರಡನೆಯದಕ್ಕೆ ರೂ. 101 ತಗಲುತ್ತದೆ. ಈ ಹೆಚ್ಚುವರಿ ರೂ. 236ಕ್ಕೆ ಕಿವಿಗೆ ಏನು ದೊರೆಯುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಇನ್ನೊಂದು ಅಂಶ ಇದಕ್ಕಿಂತ ಗಂಭೀರವಾದುದು. ಎರಡು ಬೆಲೆಗಳ ಅಂತರ ರೂ. 4,13,000. ಈ ಹಣ ವ್ಯವಹಾರದ ಓವರ್‌ಡ್ರಾಫ್ಟ್ ಖಾತೆಯಿಂದ ಹೋದರೆ, ಶೇ. 11ರ ಬಡ್ಡಿದರದಲ್ಲಿ ವರ್ಷವೊಂದಕ್ಕೇ ರೂ. 45,430 ಬಡ್ಡಿ. ವ್ಯವಹಾರದ ಉದ್ದೇಶಕ್ಕಲ್ಲದ ಸಾಲದ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ಕಳೆಯಲು ಬರುವುದಿಲ್ಲ. ಕಚ್ಚಾ ಸರಕು ಕೊಳ್ಳುವ ಹೊತ್ತಿಗೆ ಮಿತಿ ಬರಿದಾಗಿದ್ದರೆ ಆಗುವ ನಷ್ಟವನ್ನು ಓದುಗರಿಗೆ ವಿವರಿಸಬೇಕಾಗಿಲ್ಲ.

ಹೆಚ್ಚಿನ ಬೆಲೆಗೆ ದೊರೆಯುವುದೇನು?

ಅಗ್ರಶ್ರೇಣಿಯಲ್ಲಿ ಮುಖ್ಯವಾಗಿ ಹೆಚ್ಚು ಚಾನೆಲ್‌ಗಳು, ಹೆಚ್ಚು ಶಕ್ತಿ, ಬಲವಾದ ವಿದ್ಯುತ್ ಪೂರೈಕೆ ದೊರೆಯುತ್ತವೆ. ಕೋಣೆಯಲ್ಲಿ ಏಳು ಸ್ಪೀಕರುಗಳಷ್ಟೇ ಇದ್ದರೆ ಹದಿಮೂರು ಚಾನೆಲ್‌ಗಳಲ್ಲಿ ಆರು ಸುಮ್ಮನಿರುತ್ತವೆ; ಇದು ನಿಂತ ಯಂತ್ರಕ್ಕೆ ಬಾಡಿಗೆ ಕಟ್ಟಿದಂತೆ. ಶಕ್ತಿಯ ವಿಷಯದಲ್ಲಿ, 100 ವ್ಯಾಟಿನಿಂದ 150 ವ್ಯಾಟಿಗೆ ಏರಿದರೆ ಧ್ವನಿಮಟ್ಟ ಹೆಚ್ಚುವುದು 2 ಡೆಸಿಬೆಲ್‌ಗೂ ಕಡಿಮೆ. ಶಕ್ತಿ ಇಮ್ಮಡಿಯಾದರೂ 3 ಡೆಸಿಬೆಲ್ ಮಾತ್ರ. ಪಟ್ಟಿಯಲ್ಲಿ ನಮೂದಾಗುವ ವ್ಯಾಟ್ ಬಹುಮಟ್ಟಿಗೆ ಎರಡೇ ಚಾನೆಲ್ ದುಡಿಯುವಾಗಿನ ಅಳತೆಯೆಂಬುದೂ ನೆನಪಿರಲಿ.

ಸಾಧಾರಣ ಅಳತೆಯ ಕೋಣೆಯಲ್ಲಿ ಧ್ವನಿಯ ಗುಣವನ್ನು ಹೆಚ್ಚಾಗಿ ನಿರ್ಧರಿಸುವುದು ಸ್ಪೀಕರುಗಳು, ಅವುಗಳನ್ನಿಟ್ಟ ಸ್ಥಳ ಮತ್ತು ಗೋಡೆ ನೆಲಗಳ ಪ್ರತಿಧ್ವನಿ. ಇವು ಬೇಗ ಹಳತಾಗುವ ವಸ್ತುಗಳೂ ಅಲ್ಲ. ಆದುದರಿಂದ ದೀರ್ಘಾಯುಷ್ಯದ ವಸ್ತುವಿಗೆ ಹೆಚ್ಚು ಹಣ, ಅಲ್ಪಾಯುಷ್ಯದ ವಸ್ತುವಿಗೆ ಮಿತವಾದ ಹಣ ಎಂಬುದೇ ಇಲ್ಲಿಯ ಸೂತ್ರ. ಪ್ರೀ-ಔಟ್ ಸೌಲಭ್ಯವುಳ್ಳ ಮಧ್ಯಮ ಮಾದರಿಯನ್ನು ಕೊಂಡರೆ, ಮುಂದೆ ಬೇಕೆನಿಸಿದಾಗ ಪ್ರತ್ಯೇಕ ಪವರ್ ಆಂಪ್ಲಿಫೈಯರ್ ಸೇರಿಸಬಹುದು. ರಿಸೀವರ್ ಬದಲಾದರೂ ಅದು ಉಳಿಯುತ್ತದೆ.

ಆದರೆ ವಿಶಾಲವಾದ ಹಜಾರ, ಹನ್ನೊಂದಕ್ಕೂ ಮಿಕ್ಕಿದ ಸ್ಪೀಕರುಗಳು, 4 ಓಮ್‌ನ ಕಠಿಣ ಹೊರೆ ಇದ್ದಲ್ಲಿ ಅಗ್ರಶ್ರೇಣಿಯ ಆಯ್ಕೆ ಸಮರ್ಥನೀಯ. ಇದೇ ಸರಕನ್ನು ಮಾರುವ ಮಳಿಗೆಯ ಪ್ರದರ್ಶನ ಕೊಠಡಿಗೂ ಈ ಮಾತು ಸಲ್ಲುತ್ತದೆ.

ತೆರಿಗೆಯ ದೃಷ್ಟಿ

1. ಮನೆಯ ಬಳಕೆಗೆ ಕೊಂಡದ್ದು ಮಾಲೀಕರ ಡ್ರಾಯಿಂಗ್ಸ್ ಖಾತೆಗೇ ಹೋಗಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(1)ನೇ ಕಲಮಿನಂತೆ ಇನ್‌ಪುಟ್ ತೆರಿಗೆ ಜಮೆ ವ್ಯವಹಾರದ ಬಳಕೆಗೆ ಮಾತ್ರ ಸೀಮಿತ. ರೂ. 90,000 ಜಮೆಯನ್ನು ತಪ್ಪಾಗಿ ಪಡೆದು ಬಳಸಿದರೆ ಬಡ್ಡಿಸಹಿತ ಹಿಂದಿರುಗಿಸಬೇಕು.
2. ಸವಕಳಿಯೂ ವ್ಯವಹಾರಕ್ಕೆ ಬಳಸಿದ ಪ್ರಮಾಣಕ್ಕಷ್ಟೇ ದೊರೆಯುವುದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ 2025ರ ಹೊಸ ಕಾಯ್ದೆಯಲ್ಲಿಯೂ ಈ ತತ್ತ್ವ ಒಂದೇ.
3. ಖಾಸಗಿ ಸೀಮಿತ ಕಂಪನಿಯ ಹೆಸರಿನಲ್ಲಿ ಕೊಂಡು ಸಂಬಳ ಪಡೆಯುವ ನಿರ್ದೇಶಕರ ಮನೆಯಲ್ಲಿಟ್ಟರೆ, ಆ ಸೌಲಭ್ಯದ ಮೌಲ್ಯವು ಅವರ ಆದಾಯಕ್ಕೆ ಸೇರುವ ಪ್ರಶ್ನೆ ಏಳುತ್ತದೆ.
4. ಮನೆಯ ರಿಸೀವರನ್ನು ನಷ್ಟಕ್ಕೆ ಮಾರಿದರೆ ಆ ನಷ್ಟ ಬಂಡವಾಳ ನಷ್ಟವೆನಿಸುವುದಿಲ್ಲ. ಅದು ವೈಯಕ್ತಿಕ ಬಳಕೆಯ ವಸ್ತು.
5. ಪ್ರದರ್ಶನ ಕೊಠಡಿಗಾಗಿ ನಿಜವಾಗಿ ಕೊಂಡಿದ್ದಲ್ಲಿ ಜಿಎಸ್‌ಟಿ ಜಮೆ ಪಡೆದು, ತೆರಿಗೆ ಹೊರತಾದ ಬೆಲೆಯ ಮೇಲೆ ಮಾತ್ರ ಸವಕಳಿ ಪಡೆಯಬೇಕು. ತೆರಿಗೆಯ ಭಾಗದ ಮೇಲೆಯೂ ಸವಕಳಿ ಪಡೆದರೆ ಜಮೆ ತಪ್ಪುತ್ತದೆ.

ಕೊಳ್ಳುವ ಮುನ್ನ

ಕೋಣೆಯ ಅಳತೆ ಮತ್ತು ಸ್ಪೀಕರುಗಳ ಸಂಖ್ಯೆಯನ್ನು ಮೊದಲು ನಿಶ್ಚಯಿಸಿರಿ. ಅಧಿಕೃತ ಮಾರಾಟಗಾರರಿಂದ ಭಾರತದ ವಾರಂಟಿಯೊಡನೆಯೇ ಕೊಳ್ಳಿರಿ. ಅಮೆರಿಕದಿಂದ ತರಿಸಿದ 120 ವೋಲ್ಟ್‌ನ ಯಂತ್ರ ನಮ್ಮ 230 ವೋಲ್ಟ್‌ಗೆ ನೇರವಾಗಿ ಹೊಂದುವುದಿಲ್ಲ. ಹತ್ತಿರದ ದುರಸ್ತಿ ಕೇಂದ್ರ ಎಲ್ಲಿದೆಯೆಂದು ವಿಚಾರಿಸಿರಿ. ಹೊಸ ಮಾದರಿ ಬಂದಾಗ ಹಿಂದಿನದರ ಬೆಲೆ ಎಷ್ಟು ಇಳಿಯುತ್ತದೆಂದು ಕೇಳಿರಿ. ಎಲ್ಲಕ್ಕಿಂತ ಮಿಗಿಲಾಗಿ, ಹಣ ಯಾವ ಖಾತೆಯಿಂದ ಹೋಗುತ್ತಿದೆ ಎಂಬುದನ್ನು ಬರೆದು ನೋಡಿರಿ.

ನನ್ನ ಕಕ್ಷಿದಾರರು ಈ ಲೆಕ್ಕವನ್ನು ಕಾಗದದಲ್ಲಿ ಬರೆಸಿಕೊಂಡು ಹೋದರು. ಎರಡು ತಿಂಗಳ ನಂತರ ಮಧ್ಯಮ ಶ್ರೇಣಿಯ ರಿಸೀವರನ್ನು ತಮ್ಮ ಉಳಿತಾಯ ಖಾತೆಯಿಂದ ಕೊಂಡರು. ಉಳಿದ ಹಣದಲ್ಲಿ ಒಂದು ಭಾಗ ಒಳ್ಳೆಯ ಸ್ಪೀಕರುಗಳಿಗೆ ಹೋಯಿತು. ಕಾರ್ಖಾನೆಯ ಓವರ್‌ಡ್ರಾಫ್ಟ್ ಮಿತಿ ಇದ್ದಂತೆಯೇ ಉಳಿಯಿತು. ದುಡಿದವರು ಮನರಂಜನೆಗೆ ಖರ್ಚು ಮಾಡುವುದು ತಪ್ಪಲ್ಲ. ಆದರೆ ಆ ಖರ್ಚು ಲಾಭದಿಂದ ಬರಬೇಕೇ ಹೊರತು ದುಡಿಯುವ ಬಂಡವಾಳದಿಂದಲ್ಲ.