ಸ್ಕೇಟ್ ಮೀನು: ಆಹಾರ ಕ್ರಮ ಮತ್ತು ಬೇಟೆಯ ಆಯ್ಕೆ

• ವರ್ಗ: ಮೃದ್ವಸ್ಥಿ ಮೀನು; ತೊರಕೆಯ ಹತ್ತಿರದ ಸಂಬಂಧಿ. ವಾಸ ಕಡಲತಳದಲ್ಲಿ.

• ಬೇಟೆಯ ವಿಧಾನ: ಬಾಯಿ ಅಡಿಭಾಗದಲ್ಲಿದೆ. ಬೇಟೆಯ ಮೇಲೆ ಎರಗಿ, ಅಗಲವಾದ ಈಜುರೆಕ್ಕೆಗಳಿಂದ ನೆಲಕ್ಕೆ ಅದುಮಿ, ಹಲ್ಲಿನ ಸಾಲುಗಳಿಂದ ಜಜ್ಜಿ ನುಂಗುತ್ತದೆ.

• ಪತ್ತೆ ಹಚ್ಚುವಿಕೆ: ಕಣ್ಣು ಮೇಲ್ಭಾಗದಲ್ಲಿರುವುದರಿಂದ ಬಾಯಿಯ ಬಳಿಯ ಬೇಟೆ ಕಾಣದು. ವಾಸನೆಯ ಜೊತೆಗೆ ‘ಲೊರೆಂಜಿನಿ ಆಂಪುಲ್ಲಾ’ ಎಂಬ ವಿದ್ಯುತ್ ಗ್ರಾಹಕ ಅಂಗಗಳು ನೆರವಾಗುತ್ತವೆ. ಇವನ್ನು 1678ರಲ್ಲಿ ವಿವರಿಸಿದವರು ಇಟಲಿಯ ಸ್ಟೆಫಾನೊ ಲೊರೆಂಜಿನಿ.

• ಪ್ರಯೋಗ: ವಿದ್ಯುತ್ ಸಂವೇದನೆ ಬೇಟೆಗೆ ಬಳಕೆಯಾಗುತ್ತದೆಂದು 1971ರಲ್ಲಿ ತೋರಿಸಿದವರು ವಿಜ್ಞಾನಿ ಕಾಲ್ಮೈನ್.

• ಆಯ್ಕೆ: ವಯಸ್ಸಿನೊಂದಿಗೆ ಬದಲಾಗುತ್ತದೆ. ಯುರೋಪಿನ ಥಾರ್ನ್‌ಬ್ಯಾಕ್ (ರಾಜಾ ಕ್ಲವೇಟಾ) ಸ್ಕೇಟ್ ಮರಿಗೆ ಆಂಫಿಪಾಡ್ ಎಂಬ ಪುಟ್ಟ ಕಠಿಣಚರ್ಮಿ, ಸಣ್ಣ ಸೀಗಡಿ. ಬೆಳೆದದ್ದಕ್ಕೆ ಏಡಿ, ಮೀನು.

• ಗೊಂದಲ ಬೇಡ: ಸ್ಕೇಟ್ ಮೊಟ್ಟೆ ಇಡುತ್ತದೆ, ಬಾಲದಲ್ಲಿ ವಿಷಮುಳ್ಳಿರುವ ತೊರಕೆ ಮರಿ ಹಾಕುತ್ತದೆ.