ಏರಿಯ ಕೆಳಗೆ ಯಾರಿದ್ದಾರೆ?

ಕಾಫಿಗೆ ಹೂವಿನ ನೀರು ಕೊಡಲು ಹಳ್ಳಕ್ಕೆ ಮಣ್ಣಿನ ಏರಿ ಹಾಕಿಕೊಂಡ ಸದಸ್ಯರು ನಮ್ಮಲ್ಲಿ ಅನೇಕರು. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೂ, 10ರಿಂದ 15 ಮೀಟರಿನ ಕೆಲವಕ್ಕೂ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ನಮ್ಮ ಸಣ್ಣ ಕೆರೆಗಳನ್ನು ನಾವೇ ನೋಡಿಕೊಳ್ಳಬೇಕು.

ಅಪಾಯದ ದರ್ಜೆಯನ್ನು ಏರಿಯ ಗಟ್ಟಿತನದಿಂದ ಅಳೆಯುವುದಿಲ್ಲ. ಒಡೆದರೆ ಕೆಳಗೆ ಏನು ಹೋದೀತೆಂಬುದರಿಂದ ಅಳೆಯುತ್ತಾರೆ. ಬರೀ ಗದ್ದೆಯಿದ್ದರೆ ಕಡಿಮೆ, ರಸ್ತೆ ಮೋರಿಗಳಿದ್ದರೆ ಮಧ್ಯಮ. ಒಂದೇ ಒಂದು ಕೂಲಿ ಲೈನಿದ್ದರೂ, ಏರಿ ಎಷ್ಟೇ ಭದ್ರವಾಗಿರಲಿ, ಹೆಚ್ಚಿನ ದರ್ಜೆಯೇ. ಅಮೆರಿಕದ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಎಂಬ ಖಾಸಗಿ ಮಣ್ಣಿನ ಕಟ್ಟೆ 1977ರ ನವೆಂಬರ್ 6ರಂದು, ಜನ ಮಲಗಿದ್ದ ಹೊತ್ತಿನಲ್ಲಿ, ಮಳೆಗೆ ಒಡೆಯಿತು. ಕೆಳಗಿದ್ದ ಕಾಲೇಜಿನ ವಸತಿಯಲ್ಲಿ 39 ಜನ ಸತ್ತರು.

ಏರಿಯ ಮೇಲೆ ದೊಡ್ಡ ಮರ ಬೆಳೆಸಬೇಡಿ. ಬೇರು ಕೊಳೆತರೆ ನೀರಿಗೆ ದಾರಿ. ಏಡಿ ಬಿಲ, ಹುತ್ತಗಳನ್ನು ಬೇಸಿಗೆಯಲ್ಲೇ ಅಗೆದು ಜೇಡಿ ತುಂಬಿ ದಮ್ಮಸ್ಸು ಮಾಡಿಸಿ. ಬುಡದಲ್ಲಿ ತಿಳಿನೀರು ಜಿನುಗಿದರೆ ಗುರುತಿಟ್ಟು ನೋಡುತ್ತಿರಿ. ಕೆಂಪು ನೀರು ಬಂದರೆ ಒಳಗಿನ ಮಣ್ಣು ಕೊಚ್ಚುತ್ತಿದೆ ಎಂದರ್ಥ. ಮೊದಲು ಕೆಳಗಿನವರನ್ನು ಎಬ್ಬಿಸಿ, ಆಮೇಲೆ ತೂಬು ಎತ್ತಿ.

ಇನ್ನು ಕೋಡಿ. ನಾಲ್ಕು ದಿನದ ನೀರಿನಾಸೆಗೆ ಅದಕ್ಕೆ ಮರಳು ಚೀಲ ಒಟ್ಟುವುದು, ಮೀನಿಗೆಂದು ಬಲೆ ಬಿಗಿಯುವುದು ನಮ್ಮವರಲ್ಲಿ ಉಂಟು. ನೀರು ಏರಿ ಹತ್ತಿ ಹರಿದರೆ ಮಣ್ಣು ನಿಲ್ಲದು. ಕಟ್ಟಿದವರು ಮೇ ಮುಗಿಯುವುದರೊಳಗೆ ಬಿಚ್ಚಿಸಬೇಕು.