ಅಣಬೆ ಕೋಣೆಗೆ ಸೆಖೆಯಾದರೆ ಏನು ಮಾಡೋಣ?



ಚಿಪ್ಪು ಅಣಬೆ ಬೆಳೆಯುವುದನ್ನು ನಮ್ಮ ಅನೇಕ ಸಂಘಗಳು ಕಲಿತಿವೆ. ಹುಲ್ಲು ಕತ್ತರಿಸುವುದು, ಬಿಸಿನೀರಿನಲ್ಲಿ ಬೇಯಿಸುವುದು, ಬೀಜ ಹಾಕಿ ಚೀಲ ಕಟ್ಟುವುದು, ಇವೆಲ್ಲ ಈಗ ಕೈಗೆ ಬಂದಿವೆ. ಆದರೆ ಮಾರ್ಚ್ ತಿಂಗಳು ಬಂತೆಂದರೆ "ಅಣಬೆ ಏಳ್ತಾ ಇಲ್ಲ, ಚೀಲ ಹಸಿರು ಆಗ್ತಾ ಇದೆ" ಎಂಬ ಮಾತು ಎಲ್ಲ ಕಡೆಯಿಂದ ಕೇಳಿಬರುತ್ತದೆ. ಆದ್ದರಿಂದ ಈ ಪಾಠದಲ್ಲಿ ಒಂದೇ ವಿಷಯ ಕಲಿಯೋಣ: ಅಣಬೆ ಕೋಣೆಯನ್ನು ತಂಪಾಗಿ ಇಡುವುದು ಹೇಗೆ?

ಒಂದು ಸಂಘದಲ್ಲಿ ನಡೆದದ್ದು

ಒಂದು ಸಂಘದವರು ಆಂತರಿಕ ಸಾಲ ತೆಗೆದು ಏಪ್ರಿಲ್‌ನಲ್ಲಿ 60 ಚೀಲ ಕಟ್ಟಿದರು. ಕೋಣೆ ಚಿಕ್ಕದು, ಮೇಲೆ ಕಲ್ನಾರು ಶೀಟು. "ಜಾಗ ಉಳಿಯಲಿ" ಅಂತ ಚೀಲಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟರು. ಹತ್ತು ದಿನದಲ್ಲಿ ನಡುವಿನ ಚೀಲಗಳು ಹಳದಿ ನೀರು ಬಿಟ್ಟವು, ವಾಸನೆ ಬಂತು, ಆಮೇಲೆ ಹಸಿರು ಬೂಷ್ಟು ಹಿಡಿಯಿತು. ಉಳಿದದ್ದು ಇಪ್ಪತ್ತೇ ಚೀಲ.

ನಷ್ಟಕ್ಕಿಂತ ದೊಡ್ಡ ನೋವು ಆಮೇಲೆ ಬಂತು. ಆ ವಾರ ಕೋಣೆ ನೋಡಿಕೊಳ್ಳುವ ಸರದಿ ಇದ್ದ ಸದಸ್ಯೆಯ ಮೇಲೆ ಮಾತು ಹೊರಟಿತು. "ಅವಳು ಮುಟ್ಟಾದಾಗ ಒಳಗೆ ಹೋಗಿದ್ದಳು, ಅದಕ್ಕೇ ಕೆಟ್ಟಿತು" ಎಂದು ಒಬ್ಬರು ಹೇಳಿದರು, ನಾಲ್ಕು ಜನ ತಲೆಯಾಡಿಸಿದರು. ಆಕೆ ಎರಡು ಸಭೆಗೆ ಬರಲಿಲ್ಲ. ಸಾಲದ ಕಂತು ನಿಂತಿತು, ಸಂಘವೇ ಒಡೆಯುವ ಹಾಗಾಯಿತು.

ಮೂರನೆಯ ವಾರ ನಾವು ಹೋಗಿ ಮಧ್ಯಾಹ್ನ ಎರಡು ಗಂಟೆಗೆ ಆ ಕೋಣೆಯಲ್ಲಿ ಥರ್ಮಾಮೀಟರ್ ತೂಗಿಸಿದೆವು. 37 ಡಿಗ್ರಿ ತೋರಿಸಿತು. ಪೇರಿಸಿದ ಎರಡು ಚೀಲಗಳ ನಡುವೆ ಇಟ್ಟಾಗ 41. ಎಲ್ಲರೂ ಒಬ್ಬೊಬ್ಬರಾಗಿ ಬಂದು ಓದಿದರು, ಯಾರೂ ಮಾತನಾಡಲಿಲ್ಲ. ಅಣಬೆಗೆ ಮುಟ್ಟು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಶಾಖ, ತೇವ, ಗಾಳಿ ಮತ್ತು ಕೈಯ ಶುಚಿ. ಸೋಪು ಹಾಕಿ ಕೈ ತೊಳೆದ ಹೆಂಗಸು ತಿಂಗಳ ಯಾವ ದಿನವಾದರೂ ಅಣಬೆ ಕೋಣೆಗೆ ಹೋಗಬಹುದು. ಇದನ್ನು ಎಲ್ಲ ಸಂಘಗಳಲ್ಲೂ ಬಾಯಿಬಿಟ್ಟು ಹೇಳಬೇಕು.

ಅಣಬೆಗೆ ತಂಪು ಏಕೆ ಬೇಕು?

ಚಿಪ್ಪು ಅಣಬೆ ಹುಟ್ಟಿನಿಂದ ಮರದ ಅಣಬೆ. ಕಾಡಿನಲ್ಲಿ ಸತ್ತ ಮರದ ಕೊರಡಿನ ಮೇಲೆ, ಮಳೆ ಬಿದ್ದು ತಂಪಾದ ಮೇಲೆ, ನೆರಳಿನಲ್ಲಿ ಪದರ ಪದರವಾಗಿ ಏಳುತ್ತದೆ. ಹುತ್ತದ ಮೇಲೆ ಏಳುವ ಅಣಬೆಯ ಜಾತಿಯೇ ಬೇರೆ. ಅದಕ್ಕೆ ಗೆದ್ದಲಿನ ಸಹವಾಸ ಬೇಕು, ಚೀಲದಲ್ಲಿ ಬೆಳೆಯಲು ಬರುವುದಿಲ್ಲ. ಚಿಪ್ಪು ಅಣಬೆ ಮರದ ನಾರನ್ನು ಕರಗಿಸಿ ತಿನ್ನುತ್ತದೆ. ಭತ್ತದ ಹುಲ್ಲಿನಲ್ಲಿಯೂ ಅಂಥದೇ ನಾರು ಇರುವುದರಿಂದ ನಾವು ಮರದ ಬದಲು ಹುಲ್ಲು ಕೊಡುತ್ತೇವೆ. ಆಹಾರ ಬದಲಾಯಿಸಿದರೂ ಅಭ್ಯಾಸ ಬದಲಾಗಿಲ್ಲ. ಕಾಡಿನ ನೆರಳು, ಮಳೆಯ ತೇವ ಅದಕ್ಕೆ ಈಗಲೂ ಬೇಕು.

ಬೀಜ ಹಬ್ಬುವ ಮೊದಲ 15ರಿಂದ 20 ದಿನ ಕೋಣೆಯಲ್ಲಿ 25 ಡಿಗ್ರಿಯ ಆಸುಪಾಸು ಇದ್ದರೆ ಒಳ್ಳೆಯದು. ಅಣಬೆ ಮೂಡುವಾಗ 20ರಿಂದ 28 ಡಿಗ್ರಿ ಶಾಖ, ನೂರಕ್ಕೆ 80ರಿಂದ 90ರಷ್ಟು ತೇವಾಂಶ ಬೇಕು. 30 ದಾಟಿದರೆ ಬೆಳೆ ಕಡಿಮೆಯಾಗುತ್ತದೆ. ಚೀಲದ ಒಳಗೆ 35 ದಾಟಿದರೆ ಬಿಳಿ ಬಲೆ ಸೊರಗುತ್ತದೆ, 40ರ ಹತ್ತಿರ ಹೋದರೆ ಸಾಯುತ್ತದೆ. ಹಸಿರು ಬೂಷ್ಟಿಗೆ ಆಗ ಹಬ್ಬ.

ಇಲ್ಲಿ ಒಂದು ಮುಖ್ಯ ಮಾತು. ಚೀಲವೇ ಶಾಖ ಹುಟ್ಟಿಸುತ್ತದೆ. ಬಿಳಿ ಬಲೆ ನಮ್ಮ ಹಾಗೆಯೇ ಉಸಿರಾಡುತ್ತದೆ, ತಿಂದದ್ದನ್ನು ಅರಗಿಸುತ್ತದೆ, ಆಗ ಬಿಸಿ ಹೊರಬರುತ್ತದೆ. ಗೊಬ್ಬರದ ಗುಂಡಿಗೆ ಕೈ ಹಾಕಿದವರಿಗೆ ಇದು ಗೊತ್ತು. ಆದ್ದರಿಂದ ಚೀಲದ ಒಳಗೆ ಕೋಣೆಗಿಂತ 3ರಿಂದ 5 ಡಿಗ್ರಿ ಹೆಚ್ಚೇ ಇರುತ್ತದೆ. ಪೇರಿಸಿ ಇಟ್ಟರೆ ಆ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ.

ಮೊದಲು ಅಳೆಯಿರಿ

"ಒಳಗೆ ತಂಪಾಗೇ ಇದೆ" ಎನ್ನುವುದು ಸಾಲದು. ಬಿಸಿಲಿನಿಂದ ಒಳಗೆ ಬಂದವರಿಗೆ ಎಲ್ಲವೂ ತಂಪೇ. ಗೋಡೆಗೆ ತೂಗುವ ಥರ್ಮಾಮೀಟರ್ ಎರಡು ಕೊಂಡುಕೊಳ್ಳಿ. ಚೀಲಗಳ ಎತ್ತರದಲ್ಲಿ ತೂಗಿಸಿ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 8 ಗಂಟೆಗೆ ನೋಡಿ ಪುಸ್ತಕದಲ್ಲಿ ಬರೆಯಿರಿ. ಉಳಿತಾಯದ ಲೆಕ್ಕ ಬರೆದ ಹಾಗೆಯೇ ಇದು ಶಾಖದ ಲೆಕ್ಕ.

ತಂಪು ಮಾಡುವ ನಾಲ್ಕು ದಾರಿಗಳು

1. ಬಿಸಿಲನ್ನು ಹೊರಗೇ ತಡೆಯಿರಿ. ಒಳಗೆ ಬಂದ ಬಿಸಿಯನ್ನು ಓಡಿಸುವುದಕ್ಕಿಂತ ಬಾರದ ಹಾಗೆ ನೋಡುವುದು ಸುಲಭ. ಶೀಟಿನ ಮೇಲೆ ತೆಂಗಿನ ಗರಿ, ಅಡಿಕೆ ಸೋಗೆ ಅಥವಾ ಹುಲ್ಲು ದಪ್ಪಕ್ಕೆ ಹೊದಿಸಿ. ಬೆಂಕಿಯ ಭಯ ಇದ್ದಲ್ಲಿ ಶೀಟಿಗೆ ಬಿಳಿ ಸುಣ್ಣ ಬಳಿಯಿರಿ. ಒಳಗೆ, ಶೀಟಿನಿಂದ ಒಂದು ಅಡಿ ಕೆಳಗೆ ಬಿದಿರಿನ ತಟ್ಟಿ ಅಥವಾ ಗೋಣಿತಾಟು ಕಟ್ಟಿ ಅಟ್ಟದ ಹಾಗೆ ಮಾಡಿ. ಪಡುವಣ ಗೋಡೆಗೆ ಚಪ್ಪರ ಹಾಕಿ ಬಸಳೆಯನ್ನೋ ಪ್ಯಾಶನ್ ಫ್ರೂಟನ್ನೋ ಹಬ್ಬಿಸಿ. ಮನೆಯಲ್ಲಿ ಹೆಂಚಿನ ಕೋಣೆ, ಮಣ್ಣಿನ ಗೋಡೆ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಅಡಿಗೆಮನೆಗೆ ತಾಗಿದ ಕೋಣೆ ಬೇಡ.

2. ನೀರು ಆವಿಯಾಗಲಿ. ಮಣ್ಣಿನ ಹೂಜಿಯ ನೀರು ಏಕೆ ತಂಪು? ಹೂಜಿ ಬೆವರುತ್ತದೆ, ಆ ಬೆವರು ಆರುವಾಗ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖದಲ್ಲಿ ಸುಮಾರು ಏಳು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ಅಷ್ಟು ಶಾಖವನ್ನು ಅದು ಕೋಣೆಯಿಂದ ಎಳೆದುಕೊಳ್ಳುತ್ತದೆ. ಕಿಟಕಿ ಬಾಗಿಲಿಗೆ, ಒಳಗೋಡೆಗೆ ಗೋಣಿತಾಟು ಇಳಿಬಿಟ್ಟು ಒದ್ದೆ ಮಾಡಿ. ನೆಲಕ್ಕೆ ಎರಡು ಮೂರು ಇಂಚು ಮರಳು ಹಾಸಿ ತೇವವಾಗಿಡಿ. ಗೋಣಿಯನ್ನು ವಾರಕ್ಕೊಮ್ಮೆ ಬಿಸಿಲಿಗೆ ಒಣಗಿಸಿ, ಇಲ್ಲದಿದ್ದರೆ ಅದಕ್ಕೇ ಬೂಷ್ಟು ಬರುತ್ತದೆ.

3. ರಾತ್ರಿಯ ಗಾಳಿ ಬಳಸಿಕೊಳ್ಳಿ. ನಿಯಮ ಸರಳ: ಹೊರಗೆ ತಂಪಿದ್ದರೆ ತೆರೆಯಿರಿ, ಹೊರಗೆ ಬಿಸಿ ಇದ್ದರೆ ಮುಚ್ಚಿ. ರಾತ್ರಿಯಿಂದ ಬೆಳಿಗ್ಗೆ 7ರವರೆಗೆ ಸೊಳ್ಳೆ ಪರದೆ ಬಿಟ್ಟು ಕಿಟಕಿ ತೆರೆದಿಡಿ. ಬಿಸಿ ಗಾಳಿ ಮೇಲಕ್ಕೆ ಹೋಗುವುದರಿಂದ ಮೇಲೊಂದು, ಕೆಳಗೊಂದು ಗಾಳಿಕಂಡಿ ಇರಲಿ. ಆದರೆ ಅಣಬೆ ಮೂಡುವ ಕಾಲದಲ್ಲಿ ಇಡೀ ದಿನ ಪೂರ್ತಿ ಮುಚ್ಚಬೇಡಿ. ಹೊಸ ಗಾಳಿ ಇಲ್ಲದಿದ್ದರೆ ಕಾಂಡ ಉದ್ದ, ಕೊಡೆ ಚಿಕ್ಕದು ಆಗುತ್ತದೆ. ಹಗಲಲ್ಲಿ ಕೆಳಗಿನ ಕಂಡಿಗೆ ಒದ್ದೆ ಗೋಣಿ ಕಟ್ಟಿ, ಅದರ ಮೂಲಕ ಗಾಳಿ ಬರಲಿ.

4. ಚೀಲಕ್ಕೆ ಜಾಗ ಕೊಡಿ. ಬೇಸಗೆಯಲ್ಲಿ ಚಿಕ್ಕ ಚೀಲ ಕಟ್ಟಿ, ದಪ್ಪ ಚೀಲದ ನಡುಭಾಗ ಬೇಗ ಕಾಯುತ್ತದೆ. ಚೀಲದಿಂದ ಚೀಲಕ್ಕೆ ಒಂದು ಗೇಣು ಬಿಡಿ. ಉರಿಯಲ್ಲಿ ತೂಗಿಸಿದರೆ ಮೇಲಿನ ಸಾಲು ಖಾಲಿ ಬಿಡಿ. 60ರ ಜಾಗದಲ್ಲಿ 30 ಚೀಲ ಇಟ್ಟು ಮೂವತ್ತರಿಂದಲೂ ಬೆಳೆ ತೆಗೆಯುವುದು ಜಾಣತನ.

ಕರಾವಳಿಗೂ ಬಯಲುಸೀಮೆಗೂ ಒಂದೇ ಮದ್ದಲ್ಲ

"ನಾವು ದಿನಾ ಗೋಣಿ ಒದ್ದೆ ಮಾಡ್ತೇವೆ, ಆದ್ರೂ ಸೆಖೆ ಹೋಗುವುದಿಲ್ಲ" ಎಂದು ಕರಾವಳಿಯ ಸಹೋದರಿಯರು ಹೇಳುತ್ತಾರೆ. ಅದು ನಿಜ. ಅಲ್ಲಿನ ಗಾಳಿಯಲ್ಲಿ ಮೊದಲೇ ನೀರಿದೆ. ಮಳೆಗಾಲದಲ್ಲಿ ಬಟ್ಟೆ ಒಣಗದ ಹಾಗೆಯೇ, ಒದ್ದೆ ಗೋಣಿಯೂ ಬೇಗ ಆರುವುದಿಲ್ಲ. ಆರದಿದ್ದರೆ ತಂಪೂ ಇಲ್ಲ.

ನಿಮ್ಮ ಊರಿನಲ್ಲಿ ಗೋಣಿ ಎಷ್ಟು ಕೆಲಸ ಮಾಡೀತು ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಎರಡು ಥರ್ಮಾಮೀಟರ್ ತೆಗೆದುಕೊಳ್ಳಿ. ಒಂದರ ಬುಡದ ಗುಂಡಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ. ನೆರಳಿನಲ್ಲಿ ಎರಡಕ್ಕೂ ಐದು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿ ಓದಿ. ಒಣ ಥರ್ಮಾಮೀಟರ್ 38, ಒದ್ದೆಯದು 24 ತೋರಿಸಿದರೆ ವ್ಯತ್ಯಾಸ 14. ಗೋಣಿಯಿಂದ ಅದರ ಅರ್ಧ, ಅಂದರೆ 7 ಡಿಗ್ರಿ ಇಳಿದರೂ ಕೋಣೆ 31ಕ್ಕೆ ಬರುತ್ತದೆ. ಚಿತ್ರದುರ್ಗ, ಬಳ್ಳಾರಿ, ರಾಯಚೂರಿನ ಒಣ ಹವೆಯಲ್ಲಿ ಹೀಗಾಗುತ್ತದೆ. ಒಣದ್ದು 33, ಒದ್ದೆಯದು 29 ಇದ್ದರೆ ವ್ಯತ್ಯಾಸ 4 ಮಾತ್ರ. ಗೋಣಿಯಿಂದ ಎರಡು ಡಿಗ್ರಿಗಿಂತ ಹೆಚ್ಚು ನಿರೀಕ್ಷಿಸಬೇಡಿ. ಉಡುಪಿ, ಮಂಗಳೂರಿನ ಕಡೆ ನೆರಳು, ರಾತ್ರಿ ಗಾಳಿ, ಕಡಿಮೆ ಚೀಲ, ಇವೇ ಆಧಾರ. ಗೋಣಿ ಅಲ್ಲಿ ತೇವ ಉಳಿಸುವುದಕ್ಕೆ ಮಾತ್ರ.

ಎಲ್ಲ ಮಾಡಿದರೂ ಕೋಣೆ 32ರಿಂದ ಇಳಿಯದಿದ್ದರೆ ಹಟ ಮಾಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಚಿಪ್ಪು ಅಣಬೆ ನಿಲ್ಲಿಸಿ ಹಾಲು ಅಣಬೆ ಹಾಕಿ. ಅದು 30ರಿಂದ 35 ಡಿಗ್ರಿಯಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಚೀಲದ ಮೇಲೆ ಹದ ಮಾಡಿದ ಮಣ್ಣಿನ ಪದರ ಹಾಕಬೇಕಾಗುತ್ತದೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಕಲಿತುಕೊಳ್ಳಿ. ಸಾಲ ಮಾಡಿ ಏಸಿ ಹಾಕಿಸುವ ಯೋಚನೆ ಬೇಡ. ಕರೆಂಟು ಬಿಲ್ಲು ಲಾಭ ತಿನ್ನುತ್ತದೆ, ಗಾಳಿಯೂ ಒಣಗುತ್ತದೆ.

ಬೇಸಗೆಯ ದಿನಚರಿ

ಬೆಳಿಗ್ಗೆ 5ರಿಂದ 7: ಕಿಟಕಿ ತೆರೆದಿರಲಿ. ತೆರೆದ ಚೀಲಗಳಿಗೆ ಮಂಜಿನ ಹಾಗೆ ನೀರು ಸಿಂಪಡಿಸಿ.
ಬೆಳಿಗ್ಗೆ 8: ಮುಚ್ಚಿ. ಗೋಣಿ, ಮರಳು ಒದ್ದೆ ಮಾಡಿ.
11, 1 ಮತ್ತು 3 ಗಂಟೆ: ಗೋಣಿ ಮುಟ್ಟಿ ನೋಡಿ, ಒಣಗಿದ್ದರೆ ನೀರು ಹಾಕಿ.
ಸಂಜೆ 6ರ ಮೇಲೆ: ಹೊರಗೆ ತಂಪಾದ ಕೂಡಲೇ ತೆರೆಯಿರಿ.

ಬೀಜ ಹಬ್ಬುತ್ತಿರುವ ಚೀಲಕ್ಕೆ ನೀರು ಹಾಕಬಾರದು, ಕೋಣೆಗೆ ಮಾತ್ರ. ತೆರೆದ ಚೀಲದ ಮೇಲೂ ನೀರು ನಿಲ್ಲಬಾರದು, ನಿಂತರೆ ಮೊಗ್ಗು ಕೊಳೆಯುತ್ತದೆ.

ಎಚ್ಚರಿಕೆಗಳು

ಒದ್ದೆ ಕೋಣೆಯಲ್ಲಿ ಟೇಬಲ್ ಫ್ಯಾನ್, ಕೂಲರ್, ಜೋಡಿಸಿದ ವಯರು ಇಡಬೇಡಿ, ಶಾಕ್ ಹೊಡೆಯುತ್ತದೆ. ಸ್ವಿಚ್ಚು ಕೋಣೆಯ ಹೊರಗಿರಲಿ.

ಅಣಬೆಯ ಧೂಳು ಉಸಿರಿಗೆ ಹೋದರೆ ಕೆಮ್ಮು, ಉಬ್ಬಸ ಬರಬಹುದು. ಕೊಡೆಯ ಅಂಚು ಮೇಲಕ್ಕೆ ಮಡಚುವ ಮೊದಲೇ ಕೊಯ್ಯಿರಿ. ಮೂಗಿಗೆ ಬಟ್ಟೆ ಕಟ್ಟಿ, ಮೊದಲು ಬಾಗಿಲು ತೆರೆದು ಆಮೇಲೆ ಒಳಗೆ ಹೋಗಿ. ಅಣಬೆ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಹಸಿರು ಬೂಷ್ಟು ಬಂದ ಚೀಲವನ್ನು ಕೋಣೆಯಲ್ಲಿ ಬಿಚ್ಚಬೇಡಿ. ಹಾಗೆಯೇ ಹೊರಗೆ ಒಯ್ದು, ದೂರದಲ್ಲಿ ಪ್ಲಾಸ್ಟಿಕ್ ತೆಗೆದು ಹುಲ್ಲನ್ನು ಮಣ್ಣಿನಲ್ಲಿ ಹೂಳಿ. ಕೈ ತೊಳೆದೇ ಮತ್ತೆ ಒಳಗೆ ಬನ್ನಿ.

ಬೀಜ ತರುವಾಗಲೂ ಜಾಗ್ರತೆ. ಬಿಸಿಲಲ್ಲಿ ನಿಂತ ವಾಹನದಲ್ಲಿ ಬೀಜದ ಪ್ಯಾಕೆಟ್ ಬಿಟ್ಟರೆ ಅಲ್ಲೇ ಸಾಯುತ್ತದೆ. ಬೇಯಿಸಿದ ಹುಲ್ಲು ಪೂರ್ತಿ ಆರುವ ಮೊದಲು ಬೀಜ ಹಾಕಬೇಡಿ.

ಆ ಸಂಘ ಈಗ ಹೇಗಿದೆ?

ಉಳಿದ ಇಪ್ಪತ್ತು ಚೀಲಗಳನ್ನು ಅವರು ಬಿಡಿಬಿಡಿಯಾಗಿ ತೂಗಿಸಿದರು. ಶೀಟಿಗೆ ಸೋಗೆ ಹೊದಿಸಿದರು. ಮಧ್ಯಾಹ್ನದ ಶಾಖ 31ಕ್ಕೆ ಇಳಿಯಿತು. ಬೆಳೆ ಹೆಚ್ಚೇನೂ ಬರಲಿಲ್ಲ, ಒಂದು ಕಂತು ಕಟ್ಟುವಷ್ಟು ಬಂತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮತ್ತೆ ಚೀಲ ಕಟ್ಟಿದರು. ಮೊದಲು ಮಾತು ಆಡಿದವರೇ ಆ ಸದಸ್ಯೆಯ ಮನೆಗೆ ಹೋಗಿ ಕರೆತಂದರು. ಶಾಖದ ಪುಸ್ತಕ ಬರೆಯುವ ಜವಾಬ್ದಾರಿ ಈಗ ಆಕೆಯದು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಅಣಬೆ ಕೋಣೆಗೆ ಹೆಚ್ಚು ಬಿಸಿ ಎಲ್ಲಿಂದ ಬರುತ್ತದೆ: ಮಾಡಿನಿಂದಲೋ, ಗೋಡೆಯಿಂದಲೋ, ಚೀಲಗಳಿಂದಲೋ?
2. ಎರಡು ಥರ್ಮಾಮೀಟರ್ ಪರೀಕ್ಷೆಯಲ್ಲಿ ನಮ್ಮ ಊರಿಗೆ ಎಷ್ಟು ವ್ಯತ್ಯಾಸ ಬಂತು?
3. ಮಧ್ಯಾಹ್ನ ಗೋಣಿ ಒದ್ದೆ ಮಾಡುವ ಸರದಿ ಯಾರದು? ಕೂಲಿಗೆ ಹೋಗುವವರ ಸರದಿ ಹೇಗೆ ಹೊಂದಿಸೋಣ?
4. ಬೆಳೆ ಕೆಟ್ಟಾಗ ನಾವು ಮೊದಲು ಹುಡುಕುವುದು ಕಾರಣವನ್ನೋ, ತಪ್ಪಿತಸ್ಥಳನ್ನೋ?

ಮುಂದಿನ ಸಭೆಗೆ ಬರುವಾಗ ಏಳು ದಿನದ ಶಾಖದ ಲೆಕ್ಕ ತನ್ನಿ. ಒಟ್ಟಿಗೆ ಕುಳಿತು ಓದೋಣ.